ಲೈಸೆನ್ಸು ಸಿಕ್ಕಿತು, ಘಾಟಿ ಇಳಿಸೋದು ಕಲಿಸಿದವರು ಯಾರು?

ಮೊನ್ನೆ ಶನಿವಾರ ರಾತ್ರಿ ಹತ್ತು ಗಂಟೆ. ಸಕಲೇಶಪುರ ದಾಟಿ ಮಾರನಹಳ್ಳಿ ಹತ್ತಿರ ರಸ್ತೆ ಬದಿಗೆ ಒಂದು ಹನ್ನೆರಡು ಚಕ್ರದ ಲಾರಿ ನಿಂತಿತ್ತು. ನಾನು ಬೈಕು ನಿಲ್ಲಿಸಿದ್ದು ಲಾರಿ ನೋಡಿ ಅಲ್ಲ, ವಾಸನೆಗೆ. ಬ್ರೇಕ್ ಲೈನರ್ ಸುಟ್ಟ ವಾಸನೆ ಒಂದು ಸಲ ಮೂಗಿಗೆ ಬಡಿದರೆ ಜನ್ಮದಲ್ಲಿ ಮರೆಯೋದಿಲ್ಲ. ಹಿಂದಿನ ಚಕ್ರಗಳಿಂದ ಸಣ್ಣಗೆ ಹೊಗೆ ಏಳ್ತಾ ಇತ್ತು. ಪಕ್ಕದಲ್ಲಿ ಒಬ್ಬ ಹುಡುಗ ಮೊಬೈಲಿನ ಲೈಟು ಬಿಟ್ಕೊಂಡು ಚಕ್ರ ನೋಡ್ತಾ ನಿಂತಿದ್ದ. ಕ್ಲೀನರ್ ಇರಬೇಕು ಅಂದುಕೊಂಡು "ಡ್ರೈವರ್ ಎಲ್ಲಪ್ಪಾ?" ಅಂದೆ.

"ನಾನೇ ಸಾರ್" ಅಂದ.

ವಯಸ್ಸು ಇಪ್ಪತ್ಮೂರು. ಅರಸೀಕೆರೆ ಕಡೆಯವನು. ಲಾರಿಯಲ್ಲಿ ಮೆಕ್ಕೆಜೋಳದ ಮೂಟೆ, ಹೋಗಬೇಕಾದ್ದು ಮಂಗಳೂರಿಗೆ. ಕೆಲಸಕ್ಕೆ ಸೇರಿ ಹನ್ನೊಂದು ದಿನ. ಅದರಲ್ಲಿ ತುಮಕೂರು, ಹಾಸನ ಅಂತ ಬಯಲು ಸೀಮೆಯಲ್ಲೇ ಮೂರು ಟ್ರಿಪ್ಪು. ಘಾಟಿ ಇದೇ ಮೊದಲು. ಜೊತೆಗೆ ಯಾರೂ ಇಲ್ಲ.

"ಎಷ್ಟನೇ ಗೇರಲ್ಲಿ ಇಳಿಸಿಕೊಂಡು ಬಂದೆ?"

"ನೂಟ್ರಲ್ ಸಾರ್. ಇಳಿಜಾರಲ್ಲಿ ನೂಟ್ರಲ್ ಬಿಟ್ಟರೆ ಡೀಸೆಲ್ ಉಳಿಯುತ್ತೆ ಅಂತ ಹೇಳಿದ್ರು."

ಹೇಳಿದವರು ಯಾರು ಅಂತ ನಾನು ಕೇಳಲಿಲ್ಲ. ಈ ಜಿಲ್ಲೆಯಲ್ಲಿ ಲಾರಿ ಇಟ್ಟುಕೊಂಡ ಯಾವ ಮನೆಯ ಜಗಲಿಯಲ್ಲಿ ಕೂತರೂ ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ.

ಮಾರನಹಳ್ಳಿ ಎಂದರೆ ಘಾಟಿಯ ಮೇಲಿನ ಭಾಗ ಅಷ್ಟೆ. ಶಿರಾಡಿ ಘಾಟಿ ಒಟ್ಟು ಸುಮಾರು 26 ಕಿಲೋಮೀಟರ್. ನಿಜವಾದ ತಿರುವು, ಇಳಿಜಾರು, ಒಂದು ಕಡೆ ಗುಡ್ಡ, ಒಂದು ಕಡೆ ಕೆಂಪುಹೊಳೆ, ಇದೆಲ್ಲ ಅವನ ಮುಂದೆ ಇನ್ನೂ ಬಾಕಿ ಇತ್ತು. ಅಷ್ಟರಲ್ಲೇ ಬ್ರೇಕು ಕಾದು ಹೊಗೆ ಬಂದಿತ್ತು. ಹುಡುಗನಿಗೆ ಹೆದರಿಕೆ ಆಗಿ ಗಾಡಿ ನಿಲ್ಲಿಸಿದ್ದ. ಆ ಹೆದರಿಕೆಯೇ ಅವತ್ತು ಅವನ ಜೀವ ಉಳಿಸಿದ್ದು. ಕೆಳಗಿನ ತಿರುವುಗಳಲ್ಲಿ ಎದುರಿಗೆ ಬರುತ್ತಿದ್ದ ಬಸ್ಸಿನವರ ಜೀವವೂ ಇರಬಹುದು.

ಈಗ ಓದುಗರು ಕೇಳಬಹುದು, ಇಂಥವನಿಗೆ ಲೈಸೆನ್ಸು ಕೊಟ್ಟವರು ಯಾರು ಸ್ವಾಮಿ ಅಂತ. ಅವನ ಲೈಸೆನ್ಸು ನಾನೇ ನೋಡಿದೆ. ಅಸಲಿ ಲೈಸೆನ್ಸು. ಕಾನೂನಿನ ಪ್ರಕಾರ ಎಲ್ಲವೂ ಸರಿಯಾಗೇ ಇದೆ. ತಕರಾರು ಇರೋದೇ ಅಲ್ಲಿ.

ಹದಿನೈದು ಗಂಟೆಯ ವಿದ್ಯೆ

1988ರ ಮೋಟಾರು ವಾಹನ ಕಾಯ್ದೆ ಏನು ಹೇಳುತ್ತೆ ನೋಡಿ. ಸಾರಿಗೆ ವಾಹನ ಓಡಿಸಲು 20 ವರ್ಷ ತುಂಬಿರಬೇಕು. ಅದಕ್ಕೆ ಎಲ್‌ಎಲ್‌ಆರ್ ಸಿಗಬೇಕಾದರೆ ಮೊದಲು ಒಂದು ವರ್ಷ ಲಘು ವಾಹನದ ಲೈಸೆನ್ಸು ಇಟ್ಟುಕೊಂಡಿರಬೇಕು. ಗಮನಿಸಿ, ಇಟ್ಟುಕೊಂಡಿರಬೇಕು, ಅಷ್ಟೆ. ಆ ಒಂದು ವರ್ಷ ಕಾರು ಓಡಿಸಿದ್ದಾನೋ, ಲೈಸೆನ್ಸನ್ನು ಟ್ರಂಕಿನಲ್ಲಿಟ್ಟು ಅಡಿಕೆ ಸುಲಿಯುತ್ತಿದ್ದನೋ, ಯಾರೂ ಕೇಳೋದಿಲ್ಲ.

ಆಮೇಲೆ ಡ್ರೈವಿಂಗ್ ಸ್ಕೂಲು. 1989ರ ಕೇಂದ್ರ ನಿಯಮಗಳ ಪ್ರಕಾರ ಹೆವಿ ಗಾಡಿಗೆ ಕನಿಷ್ಠ 30 ದಿನದ ತರಬೇತಿ, ಅದರಲ್ಲಿ ಸ್ಟೀರಿಂಗ್ ಹಿಡಿದು ಓಡಿಸೋದು ಕನಿಷ್ಠ 15 ಗಂಟೆ. ಈ ಹದಿನೈದು ಗಂಟೆ ಪೂರಾ ಎಷ್ಟು ಹುಡುಗರಿಗೆ ಸಿಗುತ್ತೆ ಅನ್ನೋದನ್ನು ನಿಮ್ಮ ಬೀದಿಯಲ್ಲಿ ಹೆವಿ ಲೈಸೆನ್ಸು ಮಾಡಿಸಿದ ಯಾರನ್ನಾದರೂ ಕೇಳಿ ನೋಡಿ, ನಗುತ್ತಾರೆ. ಪೂರಾ ಸಿಕ್ಕಿತು ಅಂತಲೇ ಇಟ್ಟುಕೊಳ್ಳೋಣ. ಯಾವುದರಲ್ಲಿ ಸಿಕ್ಕಿತು? ಸಾಮಾನ್ಯವಾಗಿ ಒಂದು ಹಳೇ ಆರು ಚಕ್ರದ ಗಾಡಿಯಲ್ಲಿ, ಖಾಲಿ, ಸಪಾಟು ರಸ್ತೆಯಲ್ಲಿ, ಹಗಲು ಹೊತ್ತು. ಬ್ರೇಕ್ ಇನ್ಸ್‌ಪೆಕ್ಟರ್ ಸಾಹೇಬರ ಮುಂದೆ ಪರೀಕ್ಷೆಯೂ ಅಂಥದೇ ಗಾಡಿಯಲ್ಲಿ. ಮುಂದಕ್ಕೆ ತಗೊ, ಹಿಂದಕ್ಕೆ ತಗೊ, ನಿಲ್ಲಿಸು. ಪಾಸು.

ಆ ಲೈಸೆನ್ಸು ಹಿಡಿದು ಮಾರನೇ ದಿನ ಅವನು ಹತ್ತಬಹುದಾದ ಲಾರಿ ಎಂಥದು? ಹನ್ನೆರಡು ಚಕ್ರದ್ದಾದರೆ ಸರಕು ಸೇರಿ 35 ಟನ್. 2018ರ ಜುಲೈಗೆ ಮುಂಚೆ ಅದೇ ಲಾರಿಗೆ 31 ಟನ್ ಮಿತಿ ಇತ್ತು. ಹತ್ತು ಚಕ್ರದ್ದಕ್ಕೆ 25 ಇದ್ದದ್ದು 28.5 ಆಯಿತು. ಓವರ್‌ಲೋಡು ಹೇಗಿದ್ದರೂ ಹೊರ್ತಾರೆ, ಅದನ್ನೇ ಕಾನೂನು ಮಾಡಿಬಿಡೋಣ ಅಂತ ದೆಹಲಿಯವರು ಹೊರೆಯ ಮಿತಿ ಏರಿಸಿದರು. ಹೊರೆ ಏರಿತು, ಹೆವಿ ಸ್ಕೂಲಿನ ಆ ಹದಿನೈದು ಗಂಟೆ ಮಾತ್ರ ಏರಲಿಲ್ಲ.

2021ರಲ್ಲಿ ಮಾನ್ಯತೆ ಪಡೆದ ತರಬೇತಿ ಕೇಂದ್ರಗಳು ಅಂತ ಒಂದು ಯೋಜನೆ ಬಂತು. ಅಲ್ಲಿ ಹೆವಿ ಗಾಡಿಗೆ ಆರು ವಾರದಲ್ಲಿ 38 ಗಂಟೆ ಪಾಠ, ಥಿಯರಿ ಸೇರಿ. ಅಲ್ಲಿ ಪಾಸಾದವರಿಗೆ ಆರ್‌ಟಿಓ ಮುಂದೆ ಮತ್ತೆ ಓಡಿಸಿ ತೋರಿಸುವ ಕೆಲಸ ಇಲ್ಲ. ಒಳ್ಳೇದೇ. ಆದರೆ ಅಲ್ಲೇ ಕಲಿಯಬೇಕು ಅಂತ ಕಡ್ಡಾಯ ಇಲ್ಲ. ಆರು ವಾರ ಕೂಲಿ ಬಿಟ್ಟು, ಊರು ಬಿಟ್ಟು ಹೋಗಿ ಕಲಿಯುವ ಶಕ್ತಿ ಲಾರಿ ಕೆಲಸ ಹುಡುಕುವ ಮನೆಯ ಹುಡುಗರಿಗೆ ಇದ್ದಿದ್ದರೆ ಅವರು ಲಾರಿ ಕೆಲಸ ಯಾಕೆ ಹುಡುಕುತ್ತಿದ್ದರು?

ಕ್ಲೀನರ್ ಸೀಟು ಖಾಲಿ

ಹಾಗಾದರೆ ಹಿಂದಿನ ಡ್ರೈವರುಗಳು ಎಲ್ಲಿ ಕಲಿತರು? ಯಾವ ಸ್ಕೂಲೂ ಅಲ್ಲ. ಎಡಗಡೆ ಸೀಟಿನಲ್ಲಿ.

ಈ ವಿಷಯ ನನಗೆ ಯಾರೋ ಹೇಳಿ ಗೊತ್ತಾದ್ದಲ್ಲ. ಪಿಯುಸಿ ಅರ್ಧಕ್ಕೆ ಬಿಟ್ಟು ಮನೆಯಲ್ಲಿ ಬೈಸಿಕೊಳ್ಳುತ್ತಿದ್ದ ಕಾಲದಲ್ಲಿ ನಾನೂ ಎಂಟು ತಿಂಗಳು ಅದಿರು ಲಾರಿಯಲ್ಲಿ ಕ್ಲೀನರ್ ಆಗಿದ್ದೆ. ಬಳ್ಳಾರಿ, ಚಿತ್ರದುರ್ಗದ ಕಡೆಯಿಂದ ಮಂಗಳೂರು ಬಂದರಿಗೆ ಕೆಂಪು ಮಣ್ಣು ಹೊತ್ತ ಲಾರಿಗಳು ಇರುವೆ ಸಾಲಿನ ಹಾಗೆ ಹೋಗುತ್ತಿದ್ದ ದಿನಗಳು ಅವು. ನನ್ನ ಡ್ರೈವರ್‌ಗೆ ಐವತ್ತು ದಾಟಿತ್ತು. ಮಾತು ಕಮ್ಮಿ, ಬೈಗುಳ ಜಾಸ್ತಿ. ಘಾಟಿ ಶುರುವಾಗುವ ಮುಂಚೆ ಗಾಡಿ ನಿಲ್ಲಿಸಿ ನನ್ನನ್ನು ಕೆಳಗೆ ಇಳಿಸುತ್ತಿದ್ದರು. ಹಗ್ಗ, ಟಾರ್ಪಾಲ್ ಮತ್ತೆ ಬಿಗಿಯಬೇಕು. ಪ್ರತಿ ಟೈರಿಗೂ ಪಾನಾ ಬಡಿದು ಸದ್ದು ಕೇಳಬೇಕು. ಗಾಳಿ ಮೀಟರಿನ ಮುಳ್ಳು ಎಲ್ಲಿದೆ ಅಂತ ಓದಿ ಹೇಳಬೇಕು. ಆಮೇಲೆ ಮೂರನೇ ಗೇರು. "ಯಾವ ಗೇರಲ್ಲಿ ಹತ್ತುತ್ತೀಯೋ ಅದೇ ಗೇರಲ್ಲಿ ಇಳೀಬೇಕು ಕಣೋ" ಅನ್ನುವುದು ಅವರ ಪಾಠ. ಇದು ಅವರೊಬ್ಬರ ಮಾತಲ್ಲ, ಹಳೇ ಡ್ರೈವರುಗಳೆಲ್ಲರ ಮಾತು. ಹೊರೆ ಹೊತ್ತ ಗಾಡಿ ಇಳಿಯುವಾಗ ಆ ಭಾರವನ್ನು ಯಾವುದಾದರೂ ಒಂದು ತಡೀಬೇಕು. ಗೇರಲ್ಲಿದ್ದರೆ ಇಂಜಿನ್ ತಡೆಯುತ್ತೆ. ನೂಟ್ರಲ್ ಬಿಟ್ಟರೆ ಬ್ರೇಕ್ ಡ್ರಮ್ಮೊಂದೇ ತಡೀಬೇಕು. ಕಾದ ಡ್ರಮ್ಮು ಲೈನರನ್ನು ಹಿಡಿಯೋದಿಲ್ಲ. ಪೆಡಲ್ ತುಳಿದರೆ ಕಾಲು ಹೋಗುತ್ತೆ, ಗಾಡಿ ನಿಲ್ಲೋದಿಲ್ಲ.

2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತಿಗೆ ತಡೆ ಹಾಕಿತು, ಲಾರಿಗಳು ಸಾಲಾಗಿ ನಿಂತವು, ನನ್ನ ಕೆಲಸವೂ ಹೋಯಿತು. ಬದುಕಿದೆ ಅಂತಲೇ ಇಟ್ಟುಕೊಳ್ಳಿ.

ಆ ಕ್ಲೀನರ್ ಕಾಲವೇನು ಸತ್ಯಯುಗ ಆಗಿರಲಿಲ್ಲ. ಹದಿಮೂರು ಹದಿನಾಲ್ಕರ ಮಕ್ಕಳನ್ನು ದುಡಿಸಿಕೊಳ್ತಾ ಇದ್ದರು, ಹೊಡೀತಿದ್ದರು, ಬಾಟಾ ನುಂಗುತ್ತಿದ್ದರು. ಲೈಸೆನ್ಸು ಇಲ್ಲದ ಹುಡುಗನ ಕೈಗೆ ನಡುರಾತ್ರಿ ಸ್ಟೀರಿಂಗ್ ಕೊಟ್ಟು ಡ್ರೈವರ್ ಮಲಗುತ್ತಿದ್ದುದೂ ಉಂಟು. ಕಲಿತದ್ದರಲ್ಲಿ ಕೆಟ್ಟದ್ದೂ ಇತ್ತು. ಆದರೂ ನಾಲ್ಕೈದು ವರ್ಷ ಎಡಗಡೆ ಕೂತವನು ಬಲಗಡೆಗೆ ಬರುವ ಹೊತ್ತಿಗೆ ಶಿರಾಡಿಯ ತಿರುವು ಲೆಕ್ಕ ಇಟ್ಟಿರುತ್ತಿದ್ದ. ಮಳೆಗಾಲದಲ್ಲಿ ಎಲ್ಲಿ ಗುಡ್ಡ ಜರಿಯುತ್ತೆ, ಎಲ್ಲಿ ಮಂಜು ಕವಿಯುತ್ತೆ, ಲೋಡು ಯಾವ ಕಡೆ ವಾಲಿದರೆ ಏನಾಗುತ್ತೆ ಎಲ್ಲ ತಿಳಿದಿರುತ್ತಿತ್ತು.

ಈಗ ಆ ಸೀಟು ಖಾಲಿ. ಯಾಕೆ ಖಾಲಿ ಆಯಿತು ಅಂದರೆ ಒಂದೇ ಕಾರಣ ಅಲ್ಲ. ಅದಿರು ಕಾಲದಲ್ಲಿ ಲಾರಿ ಹೆಚ್ಚಾದವು, ಡ್ರೈವರ್ ಸಾಲಲಿಲ್ಲ, ಒಂದು ವರ್ಷ ಎಡಗಡೆ ಕೂತವನೇ ಡ್ರೈವರ್ ಆದ. ಅವನು ಅರೆಬರೆ ಕಲಿತದ್ದನ್ನೇ ಮುಂದಿನವನಿಗೆ ಕಲಿಸಿದ. ಆಮೇಲೆ ಬಂದ ಗಾಡಿಗಳು ಚೆನ್ನಾಗಿದ್ದವು, ಕೆಟ್ಟು ನಿಲ್ಲೋದು ಕಮ್ಮಿ ಆಯಿತು. ಕ್ಲೀನರ್ ಮಾಡುವ ಕೆಲಸ ಏನಿದೆ, ಅವನ ಬಾಟಾ ದಂಡ ಅಂತ ಓನರುಗಳು ಲೆಕ್ಕ ಹಾಕಿದರು. ಬುದ್ಧಿ ಇದ್ದ ಹುಡುಗರು ಬೆಂಗಳೂರಿಗೆ ಹೋಗಿ ಡೆಲಿವರಿ ಬೈಕು ಹತ್ತಿದರು. ಇದರ ಮೇಲೆ, ನ್ಯಾಷನಲ್ ಪರ್ಮಿಟ್ ಲಾರಿಯಲ್ಲಿ ಇಬ್ಬರು ಡ್ರೈವರ್ ಇರಬೇಕು ಎಂದಿದ್ದ ನಿಯಮವನ್ನೂ ಕೇಂದ್ರ ಸರ್ಕಾರ 2018ರಲ್ಲಿ ಕೈಬಿಟ್ಟಿತು. ಆ ನಿಯಮವನ್ನು ಪಾಲಿಸುತ್ತಿದ್ದವರು ಎಷ್ಟು ಮಂದಿ ಅನ್ನೋದು ಬೇರೆ ಮಾತು. ಕಾಗದದ ಮೇಲಾದರೂ ಇತ್ತಲ್ಲ, ಅದೂ ಹೋಯಿತು.

ಕಲಿಸುವ ಸೀಟು ತೆಗೆದರು ಸರಿ, ಅದರ ಜಾಗದಲ್ಲಿ ಏನಿಟ್ಟರು ಅಂತ ಕೇಳಿದರೆ ಒಂದು ಯೂಟ್ಯೂಬ್ ವಿಡಿಯೋ, ಒಂದು ವಾಟ್ಸಾಪ್ ಗ್ರೂಪು.

ನೂಟ್ರಲ್ ಎಂಬ ಸುಳ್ಳು ಉಳಿತಾಯ

ಆ ಹುಡುಗನಿಗೆ ನೂಟ್ರಲ್ ಕಲಿಸಿದ್ದು ಮೈಲೇಜು. ಲೀಟರಿಗೆ ಇಷ್ಟು ಕಿಲೋಮೀಟರ್ ಬರಲೇಬೇಕು, ಬರದಿದ್ದರೆ ಸಂಬಳದಲ್ಲಿ ಕಟ್ಟು, ಬಂದರೆ ಉಳಿದ ಡೀಸೆಲ್‌ನಲ್ಲಿ ಪಾಲು. ಇದು ಈಗ ಬಹುಪಾಲು ಕಡೆ ನಡೆಯುವ ಒಪ್ಪಂದ.

ಮಜಾ ಏನು ಗೊತ್ತಾ? ಈಗಿನ ಗಾಡಿಗಳಲ್ಲಿ ಈ ಲೆಕ್ಕವೇ ತಪ್ಪು. 2020ರ ಏಪ್ರಿಲ್‌ನಿಂದ ಮಾರುವ ಲಾರಿಗಳೆಲ್ಲ ಬಿಎಸ್-6. ಡೀಸೆಲ್ ಬಿಡೋದನ್ನು ಕಂಪ್ಯೂಟರ್ ನೋಡಿಕೊಳ್ಳುತ್ತೆ. ಗೇರಿನಲ್ಲಿಟ್ಟು ಆಕ್ಸಿಲರೇಟರಿನಿಂದ ಕಾಲು ತೆಗೆದು ಇಳಿಸಿದರೆ ಇಂಜಿನ್ನಿಗೆ ಡೀಸೆಲ್ಲೇ ಹೋಗೋದಿಲ್ಲ. ಚಕ್ರವೇ ಇಂಜಿನ್ನನ್ನು ತಿರುಗಿಸುತ್ತಿರುತ್ತೆ. ನೂಟ್ರಲ್ ಹಾಕಿದಿರೋ, ಇಂಜಿನ್ ಆರದ ಹಾಗೆ ನೋಡಿಕೊಳ್ಳೋಕೆ ಡೀಸೆಲ್ ಕುಡಿಯುತ್ತೆ. ಅಂದರೆ ಜೀವ ಪಣಕ್ಕಿಟ್ಟು ನೂಟ್ರಲ್‌ನಲ್ಲಿ ಇಳಿಸಿದವನು ಡೀಸೆಲ್ ಉಳಿಸಲಿಲ್ಲ, ಸುಟ್ಟ. ಬ್ರೇಕ್ ಲೈನರ್ ಖರ್ಚು ಬೇರೆ. ಇನ್ನು ಉಳಿತಾಯದ ಹುಚ್ಚಿನಲ್ಲಿ ಇಂಜಿನ್ನನ್ನೇ ಆಫ್ ಮಾಡಿ ಬಿಡುವವರಿದ್ದಾರೆ. ಆಗ ಪವರ್ ಸ್ಟೀರಿಂಗ್ ಕಲ್ಲಾಗುತ್ತೆ, ಗಾಳಿ ತುಂಬುವ ಕಂಪ್ರೆಸರ್ ನಿಲ್ಲುತ್ತೆ, ನಾಲ್ಕು ಸಲ ಬ್ರೇಕ್ ತುಳಿಯುವಷ್ಟರಲ್ಲಿ ಟ್ಯಾಂಕಿನ ಗಾಳಿ ಇಳಿಯುತ್ತೆ.

ಇದನ್ನು ಆ ಹುಡುಗನಿಗೆ ಯಾರೂ ಹೇಳಿಲ್ಲ. ಹೇಳೋಕೆ ಐದು ನಿಮಿಷ ಸಾಕು. ಎಕ್ಸಾಸ್ಟ್ ಬ್ರೇಕಿನ ಸ್ವಿಚ್ಚು ಅವನ ಕೈಗೆ ಸಿಗುವ ಹಾಗೇ ಇತ್ತು. "ಇದು ಯಾತಕ್ಕೆ?" ಅಂದೆ. "ಗೊತ್ತಿಲ್ಲ ಸಾರ್, ಮುಟ್ಟಿಲ್ಲ" ಅಂದ. ಷೋರೂಮಿನವರು ಗಾಡಿ ಕೊಡುವಾಗ ಇದೆಲ್ಲ ಡ್ರೈವರ್‌ಗೆ ಹೇಳಿಕೊಟ್ಟಿರುತ್ತಾರೆ. ಆ ಡ್ರೈವರ್ ಕೆಲಸ ಬಿಟ್ಟು ಹೋದ ದಿನ ಆ ಪಾಠವೂ ಅವನ ಜೊತೆಗೇ ಹೋಯಿತು.

ಓನರ್ ಕೇಳುವ ಒಂದೇ ಪ್ರಶ್ನೆ

ಹಾಗಂತ ಓನರುಗಳನ್ನೆಲ್ಲ ರಾಕ್ಷಸರು ಮಾಡಿ ಬರೆಯೋದು ಸುಲಭ. ನಮ್ಮ ಕಡೆ ಲಾರಿ ಓನರ್ ಅಂದರೆ ಬಹುಮಟ್ಟಿಗೆ ಒಂದೋ ಎರಡೋ ಗಾಡಿ ಇಟ್ಟವನು. ತಾನೇ ಡ್ರೈವರ್ ಆಗಿದ್ದವನು, ಜಮೀನು ಅಡ ಇಟ್ಟು ಕಂತು ಕಟ್ಟುವವನು. ಗಾಡಿ ನಾಲ್ಕು ದಿನ ನಿಂತರೆ ಫೈನಾನ್ಸಿನವರು ಫೋನ್ ಮಾಡ್ತಾರೆ. ಹಾಸನದ ಟ್ರಾನ್ಸ್‌ಪೋರ್ಟ್ ಆಫೀಸೊಂದರಲ್ಲಿ ಕೂತಿದ್ದ ಅಂಥ ಒಬ್ಬರ ಹತ್ತಿರ ಈ ಮಾತು ತೆಗೆದೆ. "ನಾನು ಕಲಿಸ್ತೀನಿ, ಮೂರು ತಿಂಗಳಿಗೆ ಪಕ್ಕದವನು ಎರಡು ಸಾವಿರ ಜಾಸ್ತಿ ಕೊಟ್ಟು ಕರ್ಕೊಂಡು ಹೋಗ್ತಾನೆ. ನಾನೇನು ಧರ್ಮಛತ್ರ ಇಟ್ಟಿದೀನಾ?" ಅಂದರು. ಅವರ ಮಾತಲ್ಲಿ ಸುಳ್ಳಿಲ್ಲ.

ಆದರೆ ಕಾನೂನು ಅವರಿಗೆ ಎಷ್ಟು ಸಲೀಸು ಮಾಡಿಕೊಟ್ಟಿದೆ ನೋಡಿ. ಲೈಸೆನ್ಸು ಇಲ್ಲದವನಿಗೆ ಗಾಡಿ ಕೊಡಬಾರದು, ಕೊಟ್ಟರೆ ದಂಡ. ಇನ್ಷೂರೆನ್ಸಿನವರು ತಕರಾರು ತೆಗೆಯೋದೂ ಲೈಸೆನ್ಸಿನ ಮೇಲೇ. ಆದ್ದರಿಂದ ಓನರ್ ಕೇಳುವುದು ಒಂದೇ ಪ್ರಶ್ನೆ, "ಡಿಎಲ್ ಇದೆಯಾ?" ಘಾಟಿ ಇಳಿಸಿದ್ದೀಯಾ, ಇಷ್ಟು ಭಾರ ಯಾವತ್ತಾದರೂ ಎಳೆದಿದ್ದೀಯಾ, ರಾತ್ರಿ ಓಡಿಸಿದ್ದೀಯಾ ಅಂತ ಕೇಳಲೇಬೇಕಾದ ಹಂಗು ಅವರಿಗಿಲ್ಲ. ಡಿಎಲ್ ಸರಿ ಇದ್ದರೆ ಮಿಕ್ಕದ್ದೆಲ್ಲ ಡ್ರೈವರಿನ ಹಣೆಬರಹ.

ಹಣೆಬರಹ ಅಂದರೆ ಜೈಲು. ಹೊಸ ನ್ಯಾಯ ಸಂಹಿತೆಯ 106ನೇ ಕಲಮಿನ ಪ್ರಕಾರ ಅಜಾಗರೂಕತೆಯಿಂದ ಸಾವಾದರೆ 5 ವರ್ಷದವರೆಗೆ ಸಜೆ. ಗುದ್ದಿ ಓಡಿಹೋದರೆ 10 ವರ್ಷದವರೆಗೆ ಅಂತ ಇನ್ನೊಂದು ಉಪಕಲಮು ಬರೆದಿದ್ದಕ್ಕೆ 2024ರ ಜನವರಿಯಲ್ಲಿ ದೇಶದ ಹಲವು ಕಡೆ ಡ್ರೈವರುಗಳು ಲಾರಿ ನಿಲ್ಲಿಸಿ ಮುಷ್ಕರ ಹೂಡಿದರು. ಆ ವರ್ಷ ಜುಲೈ 1ಕ್ಕೆ ಸಂಹಿತೆ ಜಾರಿಗೆ ಬಂದಾಗ ಆ ಒಂದು ತುಂಡನ್ನು ತಡೆಹಿಡಿದರು. ಶಿಕ್ಷೆ ಎಷ್ಟು ವರ್ಷ ಅಂತ ಇಷ್ಟೊಂದು ಜಗಳ ಆಯಿತಲ್ಲ, ಕಲಿಕೆ ಎಷ್ಟು ಗಂಟೆ ಅಂತ ಅದರ ಕಾಲು ಭಾಗದಷ್ಟಾದರೂ ಜಗಳ ಆಗಿದ್ದರೆ!

ನಮ್ಮ ಜಿಲ್ಲೆಗೆ ಈ ನೋವು ಹೊಸದಲ್ಲ. 2025ರ ಸೆಪ್ಟೆಂಬರ್ 12ರ ರಾತ್ರಿ ಮೊಸಳೆಹೊಸಹಳ್ಳಿಯಲ್ಲಿ ಗಣೇಶನ ಮೆರವಣಿಗೆಗೆ ಲಾರಿ ನುಗ್ಗಿ ಓದೋ ಮಕ್ಕಳು ಹೆಣವಾದದ್ದನ್ನು ಯಾರು ಮರೆತಾರು? ಆ ಕೇಸಿನ ಸರಿತಪ್ಪು ಕೋರ್ಟಿಗೆ ಬಿಟ್ಟದ್ದು, ಅದನ್ನು ಈ ವಾದಕ್ಕೆ ಎಳೆಯೋದಿಲ್ಲ. ಆದರೆ ಲಾರಿ ಒಂದು ಕ್ಷಣ ಕೈ ತಪ್ಪಿದರೆ ಏನಾಗುತ್ತೆ ಅನ್ನೋದನ್ನು ಹಾಸನದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2022ರಲ್ಲಿ ಇಡೀ ದೇಶದಲ್ಲಿ ರಸ್ತೆ ಅಪಘಾತಕ್ಕೆ 1,68,491 ಜನ ಸತ್ತರು ಅಂತ ಕೇಂದ್ರದ ವರದಿ ಹೇಳುತ್ತೆ. ಆ ವರದಿಯಲ್ಲಿ ಡ್ರೈವರ್ ಹತ್ತಿರ ಪಕ್ಕಾ ಲೈಸೆನ್ಸು ಇತ್ತೋ, ಎಲ್‌ಎಲ್‌ಆರ್ ಇತ್ತೋ, ಏನೂ ಇರಲಿಲ್ಲವೋ ಅಂತ ಲೆಕ್ಕ ಇದೆ. ಕಲಿತಿದ್ದನೋ ಇಲ್ಲವೋ ಅನ್ನೋದು ಲೈಸೆನ್ಸಿನ ಕಾಲಮ್ಮಿನಲ್ಲಿ ಗೊತ್ತಾಗೋದಿಲ್ಲ.

ಆಗದ ಕೆಲಸವೇನಲ್ಲ

ಸರ್ಕಾರಕ್ಕೆ ಇದು ಗೊತ್ತೇ ಇಲ್ಲ ಅನ್ನೋ ಹಾಗಿಲ್ಲ. ಇದೇ ಹೆದ್ದಾರಿಯಲ್ಲಿ ಗ್ಯಾಸ್ ಟ್ಯಾಂಕರ್ ಓಡಿಸುವವನಿಗೆ ಬೇರೆ ನಿಯಮ ಇದೆ. ಅಪಾಯದ ಸರಕು ಹೊರುವ ಡ್ರೈವರ್ ಮೂರು ದಿನದ ವಿಶೇಷ ತರಬೇತಿ ಪಡೆಯಬೇಕು, ಅದನ್ನು ಲೈಸೆನ್ಸಿನ ಮೇಲೆ ಬರೆಸಬೇಕು. 2013ರ ಏಪ್ರಿಲ್‌ನಲ್ಲಿ ಉಪ್ಪಿನಂಗಡಿ ಆಚೆ ಪೆರ್ನೆಯಲ್ಲಿ ಟ್ಯಾಂಕರ್ ಮಗುಚಿ ಬೆಂಕಿ ಬಿದ್ದು ಜನ ಸುಟ್ಟುಹೋದದ್ದನ್ನು ಕಂಡವರು ಈ ನಿಯಮ ಸಾಲದು ಅಂತಾರೇ ಹೊರತು ಬೇಡ ಅನ್ನೋದಿಲ್ಲ. ಗ್ಯಾಸಿಗೆ ಉಂಟು, ಜೋಳಕ್ಕೆ ಇಲ್ಲ. 35 ಟನ್ ಜೋಳ ಬಸ್ಸಿಗೆ ಗುದ್ದಿದರೆ ಅದು ಮೆತ್ತಗಿರುತ್ತದೆಯೇ?

ಕೆಎಸ್ಸಾರ್ಟಿಸಿಯನ್ನು ಬೈಯೋದು ನಮ್ಮೆಲ್ಲರ ಹವ್ಯಾಸ. ಆದರೆ ಆಯ್ಕೆಯಾದ ಡ್ರೈವರ್‌ಗೆ ತರಬೇತಿ ಕೊಟ್ಟು, ರೂಟು ತೋರಿಸಿ, ಆಮೇಲೆ ಬಸ್ಸು ಒಪ್ಪಿಸುವ ಪದ್ಧತಿ ಅಲ್ಲಿದೆ. ಅವರ ತರಬೇತಿ ಕೇಂದ್ರ ನಮ್ಮ ಹಾಸನದಲ್ಲೇ ಇದೆ. ಘಾಟಿಯಲ್ಲಿ ಬಸ್ಸು ಓಡಿಸಿ ರಿಟೈರ್ ಆದವರು ಈ ಊರಿನಲ್ಲಿ ಬೀದಿಗೊಬ್ಬರು ಸಿಗುತ್ತಾರೆ, ಬೆಳಿಗ್ಗೆ ಪೇಪರ್ ಓದ್ಕೊಂಡು ಕಟ್ಟೆಯ ಮೇಲೆ ಕೂತಿರುತ್ತಾರೆ.

ಲಾರಿ ಮಾಲೀಕರ ಸಂಘದವರು, ಆರ್‌ಟಿಓದವರು ಒಂದು ದಿನ ಕೂತು ಮಾತಾಡಿದರೆ ಸಾಕು. ಹೊಸ ಡ್ರೈವರ್ ಮೊದಲ ಐದು ಲೋಡಿನ ಟ್ರಿಪ್ಪು ಅನುಭವಸ್ಥನ ಜೊತೆಗೇ ಹೋಗಬೇಕು, ಅದರಲ್ಲಿ ಎರಡಾದರೂ ಘಾಟಿ, ಒಂದಾದರೂ ರಾತ್ರಿ. ಜೊತೆಗೆ ಹೋದವನು ಒಂದು ಹಾಳೆಯಲ್ಲಿ ಸಹಿ ಹಾಕಬೇಕು. ಹುಡುಗ ಕೆಲಸ ಬಿಟ್ಟರೆ ಆ ಹಾಳೆ ಅವನ ಜೊತೆಗೆ ಹೋಗಲಿ, ಮುಂದಿನ ಓನರ್‌ಗೆ ಅದೇ ಸರ್ಟಿಫಿಕೇಟು. ಕಲಿಸಿದವನ ಬಾಟಾ ಸಂಘ ಅರ್ಧ ಕೊಡಲಿ, ಓನರ್ ಅರ್ಧ ಕೊಡಲಿ. ಒಂದು ಸೆಟ್ ಲೈನರಿನ ಖರ್ಚು ನೆನೆಸಿಕೊಂಡರೆ ಇದೇನು ದೊಡ್ಡ ಮೊತ್ತ ಅಲ್ಲ. ಇನ್ನೊಂದು, ಘಾಟಿ ಶುರುವಾಗುವ ಮುಂಚೆ ದೋಣಿಗಾಲ್ ಹತ್ತಿರ ಭಾರದ ಗಾಡಿಗಳನ್ನು ಎರಡು ನಿಮಿಷ ನಿಲ್ಲಿಸಿ, ಗಾಳಿ ಮೀಟರ್ ನೋಡಿ, ಗೇರು ಹೇಳಿ ಬಿಡುವ ಒಂದು ವ್ಯವಸ್ಥೆ ಬೇಕು. ಬೋರ್ಡು ಕನ್ನಡದಲ್ಲೂ ಇರಲಿ, ಹಿಂದಿ ತಮಿಳಿನಲ್ಲೂ ಇರಲಿ. ಈ ರಸ್ತೆಯಲ್ಲಿ ಎಲ್ಲ ರಾಜ್ಯದ ಗಾಡಿಯೂ ಇಳಿಯುತ್ತೆ. ಗಾಡಿ ನಿಲ್ಲಿಸೋಕೆ ಪೊಲೀಸರಿಗೆ ಹೇಳಿಕೊಡಬೇಕಾದ್ದೇನೂ ಇಲ್ಲ, ನಿಲ್ಲಿಸಿದ ಮೇಲೆ ಏನು ಕೇಳಬೇಕು ಅನ್ನೋದು ಮಾತ್ರ ಬದಲಾಗಬೇಕು.

ಆ ರಾತ್ರಿಯ ಕತೆ ಅಷ್ಟಕ್ಕೇ ಬಿಟ್ಟೆ. ನಾವು ಮಾತಾಡ್ತಾ ಇರುವಾಗ ಹಿಂದಿನಿಂದ ಇನ್ನೊಂದು ಲಾರಿ ಬಂದು ನಿಂತಿತು. ಬಂಟ್ವಾಳದ ಕಡೆಯ ಡ್ರೈವರ್, ತಲೆ ಪೂರಾ ನರೆತಿತ್ತು. ಇಳಿದು ಬಂದು ಚಕ್ರದ ಹತ್ತಿರ ಕೈ ಹಿಡಿದು ನೋಡಿದರು. "ಎಂಥ ಮಾರಾಯ, ನ್ಯೂಟ್ರಲಲ್ಲಿ ಘಾಟಿ ಇಳಿಸುವುದುಂಟಾ? ನಿನಗೆ ಅಪ್ಪ ಅಮ್ಮ ಇಲ್ವಾ?" ಅಂತ ಬೈದರು. ಹುಡುಗ ತಲೆ ತಗ್ಗಿಸಿದ. ಚಕ್ರಕ್ಕೆ ನೀರು ಹೊಯ್ಯೋಕೆ ಕ್ಯಾನ್ ತೆಗೆದಾಗ ಮತ್ತೆ ಬೈದರು, ಕಾದ ಡ್ರಮ್ಮು ಬಿರುಕು ಬಿಡುತ್ತೆ ಅಂತ. ಮುಕ್ಕಾಲು ಗಂಟೆ ಇಬ್ಬರೂ ಗಾಡಿ ತಣಿಯೋವರೆಗೆ ಕೂತರು. ಎಕ್ಸಾಸ್ಟ್ ಬ್ರೇಕ್ ಸ್ವಿಚ್ಚು ಒತ್ತಿಸಿ ಸದ್ದು ಕೇಳಿಸಿದರು. ಬೀಡಿ ಮುಗಿದ ಮೇಲೆ ಅಂದರು, "ನನ್ನ ಹಿಂದೆಯೇ ಬಾ. ಮೂರನೇ ಗೇರು, ನಾನು ಹೇಳುವವರೆಗೆ ಬದಲಿಸಬೇಡ. ನನ್ನ ಬ್ರೇಕ್ ಲೈಟು ಹೊತ್ತಿಕೊಂಡ ಕಡೆ ಮಾತ್ರ ನೀನು ಕಾಲಿಡು."

ಹನ್ನೊಂದು ಗಂಟೆಗೆ ಎರಡೂ ಲಾರಿ ಒಂದರ ಹಿಂದೆ ಒಂದು ಕೆಳಗೆ ಹೊರಟವು. ಹುಡುಗನಿಗೆ ನನ್ನ ನಂಬರ್ ಕೊಟ್ಟಿದ್ದೆ. ಹನ್ನೆರಡೂಕಾಲಿಗೆ ಗುಂಡ್ಯದಿಂದ ಫೋನ್ ಮಾಡಿದ. ಮಂಗಳವಾರ ಮಂಗಳೂರಿಂದ ರಸಗೊಬ್ಬರ ತುಂಬಿಕೊಂಡು ವಾಪಸ್ಸು ಹತ್ತಬೇಕಂತೆ, ಒಬ್ಬನೇ.